ಟಾರ್ಪಾಲಿನಡಿಯ ನಾಲ್ಕು ತಿಂಗಳು

ಅಡಿಕೆ ಮರದ ಹಾಳೆಯನ್ನು ಒತ್ತಿ ಊಟದ ತಟ್ಟೆ ಮಾಡುವ ಮೆಷಿನ್ ನಮ್ಮ ಮನೆಗೆ ಬಂದದ್ದು 2022ರ ನವೆಂಬರಿನಲ್ಲಿ. ಕೊಯಮತ್ತೂರಿನ ಲಾರಿ ನಮ್ಮ ಇಳಿಜಾರು ದಾರಿಗೆ ಇಳಿಯಲಿಕ್ಕಾಗದೆ ಮೇಲಿನ ರಸ್ತೆಯಲ್ಲೇ ಇಳಿಸಿ ಹೋಯಿತು. ಆರು ಜನ ಸೇರಿ, ಅಡಿಕೆ ಮರದ ತುಂಡುಗಳನ್ನು ಅಡಿಗೆ ಕೊಡುತ್ತಾ, ಉರುಳಿಸಿಕೊಂಡು ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ತಂದೆವು. ಎಲ್ಲರಿಗೂ ಚಹಾ, ಅವಲಕ್ಕಿ ಆಯಿತು. ಆಮೇಲೆ ನಾಲ್ಕು ತಿಂಗಳು ಅದು ನೀಲಿ ಟಾರ್ಪಾಲಿನಡಿಯಲ್ಲೇ ಇತ್ತು. ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕ ಕೂತವರು, ಭೂತದ ಕೋಲದಲ್ಲಿ ಕಂಡವರು, ಎಲ್ಲರದೂ ಒಂದೇ ಪ್ರಶ್ನೆ: "ಸ್ಟಾರ್ಟ್ ಆಯಿತಾ?" ನನ್ನದೂ ಒಂದೇ ಉತ್ತರ: "ಎಂತ ಮಾಡುವುದು, ಕರೆಂಟಿನವರು ತ್ರೀ ಫೇಸ್ ಕೊಡಬೇಕಲ್ಲ." ಕೇಳಿದವರು ತಲೆಯಾಡಿಸಿ, ತಮ್ಮ ಮನೆಯ ಕರೆಂಟಿನ ಕತೆ ಒಂದು ಹೇಳಿ, ನನ್ನ ಮೇಲೆ ಕನಿಕರ ತೋರಿಸಿ ಹೋಗುತ್ತಿದ್ದರು.

ತ್ರೀ ಫೇಸ್ ಬಂದಿತ್ತು. ಅರ್ಜಿ ಕೊಟ್ಟ ಹತ್ತೊಂಬತ್ತನೇ ದಿನಕ್ಕೇ ಬಂದಿತ್ತು. ಶೆಡ್ಡಿನ ಗೋಡೆಯಲ್ಲಿ ಹೊಸ ಮೀಟರ್ ಕೆಂಪು ದೀಪ ಮಿಟುಕಿಸುತ್ತಾ ಕೂತಿತ್ತು. ಅದು ಮನೆಯವರಿಗೆ ಮಾತ್ರ ಗೊತ್ತು. ಹೆಂಡತಿ ಒಂದು ದಿನ ಹೇಳಿಯೇಬಿಟ್ಟಳು, "ಕೊಡದವರ ಬಗ್ಗೆ ಹೇಳಿದರೆ ಅಡ್ಡಿಯಿಲ್ಲ. ಕೊಟ್ಟವರಿಗೆ ಯಾಕೆ ಶಾಪ?" ನಾನು ಟಾರ್ಪಾಲಿನ ಹಗ್ಗ ಇನ್ನೊಂದು ಸುತ್ತು ಬಿಗಿದೆ.

ಆ ನಾಲ್ಕು ತಿಂಗಳ ಬಗ್ಗೆ ನಾನು ಯಾರೊಂದಿಗೂ ಸರಿಯಾಗಿ ಮಾತಾಡಿದವನಲ್ಲ. ಈಗ ಯಾರಾದರೂ ಹುಡುಗರು ಯುನಿಟ್ ನೋಡಲಿಕ್ಕೆ ಬಂದು, "ಹೆದರಿಕೆ ಆಗಲಿಲ್ಲವಾ ಅಣ್ಣ?" ಎಂದು ಕೇಳಿದರೆ, "ಹಾಗೆ ಹೆದರಿದರೆ ಆಗ್ತದಾ ಮಾರಾಯ" ಎಂದು ದೊಡ್ಡ ಜನದ ಹಾಗೆ ಹೇಳಿ ಕಳಿಸುತ್ತೇನೆ. ಅವರು ಹೋದ ಮೇಲೆ ಒಳಗೆಲ್ಲೋ ಚುಚ್ಚುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಣದ ಹೆದರಿಕೆ ಅಲ್ಲ ಅದು

ಮೊದಲು ಕೆಲಸ ಮಂಗಳೂರಿನಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುವುದು. ಬೆಳಿಗ್ಗೆ ಕುಂಬಳೆಯಿಂದ ರೈಲು, ರಾತ್ರಿ ವಾಪಸು. ಹನ್ನೊಂದು ವರ್ಷ ಹಾಗೇ ನಡೆಯಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಕೇರಳ, ಕರ್ನಾಟಕದ ಗಡಿ ರಸ್ತೆಗಳಿಗೆ ಮಣ್ಣು ಬಿದ್ದಾಗ ನಾನು ಈಚೆ ಕೇರಳದಲ್ಲಿ, ನನ್ನ ಲೆಡ್ಜರುಗಳು ಆಚೆ. ನಮ್ಮ ಊರಿನವರಿಗೆ ಆ ದಿನಗಳ ಬಗ್ಗೆ ವಿವರಿಸಬೇಕಾಗಿಲ್ಲ. ಡಯಾಲಿಸಿಸ್‌ಗೆ ಹೋಗಬೇಕಾದವರು ತಲಪಾಡಿಯ ಗಡಿಯಲ್ಲಿ ಸಿಕ್ಕಿಹಾಕಿಕೊಂಡ ಕಾಲ. ನನ್ನ ಕೆಲಸ ಹೋದದ್ದೊಂದು ಲೆಕ್ಕಕ್ಕೇ ಅಲ್ಲ. ಗಡಿ ತೆರೆಯುವಷ್ಟರಲ್ಲಿ ಅಂಗಡಿಯವರು ಅಲ್ಲಿಯೇ ಹತ್ತಿರದ ಒಬ್ಬನನ್ನು ಇಟ್ಟುಕೊಂಡಿದ್ದರು. ಅವರ ತಪ್ಪೇನಲ್ಲ.

ಹಾಳೆ ತಟ್ಟೆಯ ಯೋಚನೆ ಬಂದದ್ದರಲ್ಲಿ ದೊಡ್ಡ ಬುದ್ಧಿವಂತಿಕೆ ಇಲ್ಲ. ಹಾಳೆ ತೋಟದಲ್ಲಿ ತಾನಾಗಿ ಬೀಳುತ್ತದೆ. ಕೇರಳದಲ್ಲಿ 2020ರ ಜನವರಿ ಒಂದರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕಿಗೆ ನಿಷೇಧ. ಮದುವೆ ಹಾಲಿನವರು ಗ್ರೀನ್ ಪ್ರೋಟೊಕಾಲ್ ಎಂದು ಬೋರ್ಡು ಹಾಕಿದ್ದರು. ಬಾಳೆಲೆಗೆ ಮಳೆಗಾಲದ ಗಾಳಿಯಲ್ಲಿ ಹರಿಯುವ ರೋಗ. ಅಲ್ಲಿಗೆ ವ್ಯಾಪಾರ ಕಣ್ಣಿಗೆ ಕಾಣುತ್ತಿತ್ತು. ಸಣ್ಣ ಉದ್ಯಮಕ್ಕೆಂದು ಇರುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ಸಾಲಕ್ಕೆ ಹಾಕಿದೆ: ಒಟ್ಟು 3,80,000 ರೂಪಾಯಿಯ ಪ್ರಾಜೆಕ್ಟು, ಅದರಲ್ಲಿ ನನ್ನ ಕೈಯಿಂದ ಶೇಕಡಾ 10, ಗ್ರಾಮೀಣ ಪ್ರದೇಶವೆಂದು ಶೇಕಡಾ 25 ಸಬ್ಸಿಡಿ. ಆ ಸಬ್ಸಿಡಿಯೂ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಮಲಗಿರುತ್ತದೆ. ಅರ್ಜಿಯ ಜೊತೆಗಿನ ಕಾಗದಗಳು ಮಲಯಾಳದಲ್ಲಿ, ಪ್ರಾಜೆಕ್ಟ್ ರಿಪೋರ್ಟ್ ಇಂಗ್ಲಿಷಿನಲ್ಲಿ, ಹೆದರಿಕೆ ಕನ್ನಡದಲ್ಲಿ.

ಆ ಹೆದರಿಕೆ ಹಣದ್ದು ಎಂದೇ ನಾನು ತಿಳಿದುಕೊಂಡಿದ್ದೆ. ರಾತ್ರಿ ನಿದ್ರೆ ಬಾರದಿದ್ದಾಗ ಇಎಂಐ ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಬರೆದೇ ಬದುಕಿದವನಿಗೆ ಅದೊಂದು ಜೋಗುಳ. ಆದರೆ ಲೆಕ್ಕ ಸರಿ ಬಂದ ಮೇಲೂ ನಿದ್ರೆ ಬರುತ್ತಿರಲಿಲ್ಲ. ಕೂತು ಕೇಳಿಸಿಕೊಂಡರೆ ಕಿವಿಯಲ್ಲಿ ಓಡುತ್ತಿದ್ದದ್ದು ಸಂಖ್ಯೆಯಲ್ಲ, ಒಂದು ವಾಕ್ಯ: "ಅಪ್ಪನದ್ದು ವೆನಿಲ್ಲಾ, ಮಗನದ್ದು ಹಾಳೆ." ಯಾರೂ ಅದನ್ನು ಹೇಳಿರಲಿಲ್ಲ. ನಾನೇ ಕಟ್ಟಿದ ವಾಕ್ಯ. ಆದರೆ ಅದನ್ನು ಯಾರು ಹೇಳುತ್ತಾರೆ, ಎಲ್ಲಿ ನಿಂತು ಹೇಳುತ್ತಾರೆ, ಯಾರು ನಗುತ್ತಾರೆ ಎಂಬುದೆಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೆಷಿನ್ ಸ್ಟಾರ್ಟ್ ಮಾಡದಿದ್ದರೆ ಸೋಲುವ ಪ್ರಶ್ನೆಯೇ ಇಲ್ಲ ನೋಡಿ. ಟಾರ್ಪಾಲಿನಡಿಯಲ್ಲಿ ಇರುವ ತನಕ ಅದು ಒಳ್ಳೆಯ ಮೆಷಿನ್, ನಾನು ಕರೆಂಟಿನವರಿಂದ ಅನ್ಯಾಯವಾದ ಒಬ್ಬ ಉದ್ಯಮಿ.

ಐದು ಬ್ಯಾಟರಿಯ ಟಾರ್ಚು

ವೆನಿಲ್ಲಾ ಎಂದರೆ ನಮ್ಮ ಕಡೆಯ ಮೂವತ್ತೈದು ದಾಟಿದವರಿಗೆಲ್ಲ ಒಂದೊಂದು ನೆನಪು ಉಂಟು. 2000ದ ಏಪ್ರಿಲಿನಲ್ಲಿ ಮಡಗಾಸ್ಕರಿನಲ್ಲಿ ಹುಡಾ ಎಂಬ ಚಂಡಮಾರುತ ಬೀಸಿ ಅಲ್ಲಿಯ ಬಹಳಷ್ಟು ಬಳ್ಳಿಗಳು ನೆಲಕ್ಕೆ ಬಿದ್ದವು. ಲೋಕದ ವೆನಿಲ್ಲಾದಲ್ಲಿ ಬಹುಪಾಲು ಅಲ್ಲಿಯದೇ ಆದ್ದರಿಂದ ರೇಟು ಏರಿತು, ಏರಿತು, 2003ಕ್ಕೆ ಹಸಿ ಕೋಡಿಗೇ, ಅಂದರೆ ಬಳ್ಳಿಯ ಹಸಿ ಕಾಯಿಗೇ, ಕಿಲೋಗೆ ಮೂರು ಸಾವಿರ ದಾಟಿತು. ನಮ್ಮಲ್ಲಿ ಅಡಿಕೆಯ ಬೆಲೆ ಮಲಗಿದ್ದ ಕಾಲ ಅದು. ಅಪ್ಪ ತೋಟದ ನಡುವೆ ಗೊಬ್ಬರದ ಗಿಡದ ಗೂಟ ಊರಿ ಮುನ್ನೂರು ಬಳ್ಳಿ ಹಬ್ಬಿಸಿದ್ದರು. ಬಳ್ಳಿಗೇ ಕಳ್ಳರು ಬರುತ್ತಿದ್ದರು. ರಾತ್ರಿ ಕಾವಲಿಗೆ ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ. ನನಗೆ ಹದಿನಾರು. ಅಪ್ಪನ ಕೈಯಲ್ಲಿ ಐದು ಬ್ಯಾಟರಿಯ ಟಾರ್ಚು, ನನ್ನ ಕೈಯಲ್ಲಿ ಒಂದು ಕತ್ತಿ. ಕಳ್ಳ ಬಂದರೆ ಆ ಕತ್ತಿಯಿಂದ ಎಂತ ಮಾಡಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಂದು ರಾತ್ರಿ ಸೋಗೆಯ ಸದ್ದು ಕೇಳಿ ಅಪ್ಪ ಟಾರ್ಚು ಹಾಯಿಸಿದರೆ ಮುಳ್ಳುಹಂದಿ. ಇಬ್ಬರೂ ಅಲ್ಲೇ ಕೂತು ನಕ್ಕೆವು. ಅಪ್ಪ ಅಷ್ಟು ನಕ್ಕದ್ದು ನಾನು ಆಮೇಲೆ ಕಂಡಿಲ್ಲ.

ನಮ್ಮ ಬಳ್ಳಿ ಹೂ ಬಿಟ್ಟದ್ದು 2004ರಲ್ಲಿ. ಹೂ ಅರಳುವುದು ಒಂದೇ ಬೆಳಿಗ್ಗೆ, ಅಷ್ಟರೊಳಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಹೂವಿನ ಎಸಳನ್ನು ಸೀಳಿ, ಹಿಡಿಸೂಡಿಯ (ಪೊರಕೆಯ) ಕಡ್ಡಿಯಿಂದ ಒಳಗಿನ ಸಣ್ಣ ಪರದೆ ಎತ್ತಿ, ಹೆಬ್ಬೆರಳಿನಿಂದ ಒಮ್ಮೆ ಒತ್ತುವುದು. ಅಮ್ಮನ ಕೈ ಅದಕ್ಕೆ ಎಲ್ಲರಿಗಿಂತ ಚೆನ್ನಾಗಿತ್ತು. ಒಂಬತ್ತು ತಿಂಗಳು ಕಾದು ಕೋಡು ಬೆಳೆಯುವಷ್ಟರಲ್ಲಿ ಮಡಗಾಸ್ಕರಿನಲ್ಲಿ ಪುನಃ ಬಳ್ಳಿ ಎದ್ದಿತ್ತು, ಕಂಪೆನಿಗಳು ಕೃತಕ ವೆನಿಲ್ಲಿನ್‌ಗೆ ತಿರುಗಿದ್ದವು. ನಮ್ಮದು ಕೊಯ್ಲಿಗೆ ಬಂದಾಗ ಕಿಲೋಗೆ ನೂರು ರೂಪಾಯಿಯ ಆಚೀಚೆ. ಕೊಳ್ಳುವವರೂ ಇರಲಿಲ್ಲ. ಒಂದು ದಿನ ಶಾಲೆಯಿಂದ ಬಂದಾಗ ಅಮ್ಮನ ಕೈಯಲ್ಲಿ ಬಳೆ ಇರಲಿಲ್ಲ. ಅಷ್ಟೇ. ಆಮೇಲೆ ಮನೆಯಲ್ಲಿ ಯಾರೂ ಆ ಶಬ್ದ ಎತ್ತಲಿಲ್ಲ. ಐಸ್‌ಕ್ರೀಮಿನ ಅಂಗಡಿಗೆ ಹೋದರೂ ಅಮ್ಮ ಕೇಳುವ ಮೊದಲೇ "ಸ್ಟ್ರಾಬೆರಿ ಸಾಕು" ಅನ್ನುತ್ತಿದ್ದರು.

ಮಾತಾಡದೆ ಇಟ್ಟದ್ದು ಕೂಡಿಟ್ಟ ಹಣದ ಹಾಗೆ, ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಅಪ್ಪನಿಗೆ ಹೋದದ್ದು ಎಷ್ಟು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅದು ನನ್ನ ತಲೆಯಲ್ಲಿ ವರ್ಷವರ್ಷವೂ ದೊಡ್ಡದಾಗುತ್ತಾ, ಕೊನೆಗೆ ಒಂದು ತೋಟವನ್ನೇ ನುಂಗುವಷ್ಟು ಆಗಿತ್ತು. ನಾನು ಮಂಗಳೂರಿನಲ್ಲಿ ಯಾವನೋ ಮಾಲಕನ ಲೆಡ್ಜರು ಬರೆಯುತ್ತಾ ಹನ್ನೊಂದು ವರ್ಷ ಕೂತದ್ದಕ್ಕೂ ಆ ಬಳೆಗೂ ಸಂಬಂಧ ಉಂಟು ಎಂದು ಆಗ ಹೊಳೆದಿರಲಿಲ್ಲ.

ಲೈನ್‌ಮೆನ್ ಬಂದ ದಿನ

2023ರ ಮಾರ್ಚಿನ ಒಂದು ಮಧ್ಯಾಹ್ನ. ಊಟ ಮಾಡಿ ಜಗಲಿಯಲ್ಲಿ ಅಡ್ಡಾದವನು ಬೈಕಿನ ಸದ್ದಿಗೆ ಎದ್ದೆ. ನಮ್ಮ ಕಡೆಯ ಲೈನ್‌ಮೆನ್. ನೀಲೇಶ್ವರದ ಕಡೆಯವರು. ಮಲಯಾಳ ಅವರದ್ದು, ಆದರೆ ಐದಾರು ವರ್ಷ ಇಲ್ಲಿದ್ದು ಕನ್ನಡ, ತುಳು ಎರಡನ್ನೂ ಕಲಸಿ ಆಡುತ್ತಾರೆ. ನಾನು "ಬನ್ನಿ ಚೇಟಾ" ಎಂದೆ. ಅವರು ಕೂರಲಿಲ್ಲ. "ಪೇಟೆಯಲ್ಲಿ ನನ್ನನ್ನು ನಾಲ್ಕು ಜನ ಬೈದರು. ಆ ಹಾಳೆಯವರಿಗೆ ಯಾಕೆ ಕರೆಂಟು ಕೊಡುವುದಿಲ್ಲ ಎಂದು. ಮೀಟರ್ ಇಟ್ಟದ್ದು ನಾನೇ ಅಲ್ಲವಾ? ಲೈನ್ ಹೋಗಿದೆಯಾ ನೋಡಿ ಬರುವ ಎಂದು ಬಂದೆ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಎಂತಾದರೂ ಹೇಳುತ್ತಿದ್ದೆನೇನೋ. ಅವರು ನಿಜವಾಗಿಯೂ ಲೈನ್ ಹೋಗಿದೆ ಎಂದುಕೊಂಡೇ ಬಂದಿದ್ದರು. ಶೆಡ್ಡಿಗೆ ಹೋಗಿ ಟೆಸ್ಟರ್ ಇಟ್ಟು ನೋಡಿದರು. ಮೂರು ಫೇಸಿನಲ್ಲೂ ಕರೆಂಟು ಇತ್ತು. ಮೀಟರಿನ ರೀಡಿಂಗ್ ನೋಡಿದರು. ಶೆಡ್ಡಿನ ಬಲ್ಬು ಉರಿದ ಲೆಕ್ಕ ಬಿಟ್ಟರೆ ಎಂತದೂ ಇಲ್ಲ. ನನ್ನ ಮುಖ ನೋಡಿದರು. ಆಮೇಲೆ ಟಾರ್ಪಾಲು ನೋಡಿದರು. ಆ ಮನುಷ್ಯನಿಗೆ ಎಲ್ಲ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಅವರು ಮಾತಾಡದೆ ಒಂದು ಬದಿಯ ಹಗ್ಗ ಬಿಚ್ಚಿದರು. ಇನ್ನೊಂದು ಬದಿಯದ್ದು ನಾನೇ ಬಿಚ್ಚಬೇಕಾಯಿತು.

"ಒಂದು ಮಾಡಿ ನೋಡುವ" ಎಂದರು. ಅಮ್ಮ ದನಕ್ಕೆಂದು ನೆನೆಹಾಕಿದ್ದ ಹಾಳೆಗಳಲ್ಲಿ ಎರಡನ್ನು ತಂದೆ. ಹೀಟರ್ ಬಿಸಿಯಾಗಲಿಕ್ಕೆ ಇಪ್ಪತ್ತು ನಿಮಿಷ ಹೋಯಿತು. ಅಷ್ಟು ಹೊತ್ತು ಅವರು ತಮ್ಮ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಬಗ್ಗೆ ಹೇಳುತ್ತಿದ್ದರು. ಮೊದಲನೇ ಹಾಳೆ ಅಚ್ಚಿನಡಿಯಲ್ಲಿ ಟಪ್ಪೆಂದು ನಡುವೆ ಸೀಳಿತು. ನೀರು ಸರಿಯಾಗಿ ಇಳಿದಿರಲಿಲ್ಲ, ಒಳಗಿನ ಆವಿ ದಾರಿ ಮಾಡಿಕೊಂಡಿತು. ಎರಡನೆಯದು ಬಂತು. ಒಂದು ಅಂಚು ಸುಟ್ಟು ಕಪ್ಪಾಗಿತ್ತು, ನಡುವೆ ಹಾಳೆಯ ನಾರು ಗೆರೆಗೆರೆಯಾಗಿ ಎದ್ದಿತ್ತು, ಬೇಯಿಸಿದ ಗೆಣಸಿನ ಹಾಗೊಂದು ವಾಸನೆ. ಲೈನ್‌ಮೆನ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಬೈಕಿನ ಪೆಟ್ಟಿಗೆಗೆ ಹಾಕಿಕೊಂಡರು. "ಇನ್ನು ಪೇಟೆಯಲ್ಲಿ ಯಾರಾದರೂ ಕೇಳಿದರೆ ತೋರಿಸಲಿಕ್ಕೆ" ಎಂದರು.

ಆ ರಾತ್ರಿ ಅಪ್ಪನನ್ನು ಕೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಜಗಲಿಯಲ್ಲಿ ಅವರು ಅಡಿಕೆ ಸುಲಿಯುತ್ತಾ ಕೂತಿದ್ದರು. "ಅಪ್ಪಾ, ಆಗ ವೆನಿಲ್ಲಾದಲ್ಲಿ ಒಟ್ಟು ಎಷ್ಟು ಹೋಯಿತು?" ಸುಲಿಯುವ ಕತ್ತಿ ನಿಲ್ಲಲಿಲ್ಲ. "ಎಪ್ಪತ್ತೊಂದು ಸಾವಿರದ ನಾನೂರು" ಎಂದರು, ನಿನ್ನೆಯ ಹಾಲಿನ ಲೆಕ್ಕದ ಹಾಗೆ. ಬಳ್ಳಿಗೆ ಇಷ್ಟು, ಗೂಟಕ್ಕೆ ಇಷ್ಟು, ಕೂಲಿಗೆ ಇಷ್ಟು. ಬಳೆ ಬಿಡಿಸಿದ್ದು 2007ರಲ್ಲಿ, ಅಡಿಕೆಯ ಹಣದಲ್ಲೇ. ನಾನು ಸುಮ್ಮನೆ ಕೂತೆ. ಇಷ್ಟು ವರ್ಷ ನಾನು ಹೊತ್ತು ತಿರುಗಿದ ಬೆಟ್ಟಕ್ಕೆ ಐದಂಕಿಯ ಒಂದು ಸಂಖ್ಯೆ ಇತ್ತು. ಚಿಲ್ಲರೆ ಕೂಡ ಇತ್ತು.

"ಅದು ಹೋದದ್ದಲ್ಲ ನನಗೆ" ಎಂದು ಸ್ವಲ್ಪ ಹೊತ್ತಿನ ಮೇಲೆ ಅಪ್ಪನೇ ಹೇಳಿದರು. "ರೇಟು ಮೇಲೆ ಇದ್ದಾಗ ಸುಳ್ಯದ ಕಡೆಯವರು ಇಬ್ಬರು ಬಳ್ಳಿ ತುಂಡು ಕೇಳಿಕೊಂಡು ಬಂದಿದ್ದರು, ನಡಲಿಕ್ಕೆ. ಮೀಟರಿಗೆ ನೂರು ರೂಪಾಯಿ ಕೊಡುತ್ತೇವೆ ಎಂದರು. ಅಮ್ಮ ಕೊಡುವ ಎಂದಳು. ನಾನೇ ಕೋಡು ಬರಲಿ ಎಂದೆ." ಮತ್ತೆ ಸುಲಿಯಲು ತೊಡಗಿದರು. ಹಾಗಾದರೆ ಮನೆಯಲ್ಲಿ ಮುಚ್ಚಿಟ್ಟದ್ದು ಸೋಲನ್ನಲ್ಲ, ಅಮ್ಮನ ಮಾತು ಕೇಳದಿದ್ದದ್ದನ್ನು. ನನ್ನ ಹೆದರಿಕೆಯ ಬುಡವೇ ತಪ್ಪು ಜಾಗದಲ್ಲಿ ಇತ್ತು.

ಒಳಗೆ ಹೋಗಿ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದೆ: ಹೋದರೆ ಎಷ್ಟು ಹೋದೀತು? ಮೆಷಿನ್ ಅರ್ಧ ಬೆಲೆಗೆ ಮಾರಿದರೂ, ಸಬ್ಸಿಡಿ ಕೈಬಿಟ್ಟರೂ, 1,90,000. ಮಂಗಳೂರಿನ ನನ್ನ ಸಂಬಳ 14,500 ಇತ್ತು. ಹದಿಮೂರು ತಿಂಗಳ ಸಂಬಳ. ಹನ್ನೊಂದು ವರ್ಷ ಕೊಟ್ಟವನು ಇನ್ನು ಹದಿಮೂರು ತಿಂಗಳು ಕೊಡಲಾರನೇ? ಈ ಲೆಕ್ಕದಿಂದ ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ನಿದ್ರೆ ಬಂತು.

ಬೂಜು

ಮೊದಲ ಮೂರು ತಿಂಗಳು ಚೆನ್ನಾಗಿಯೇ ಹೋಯಿತು ಎಂದು ಬೇಗ ಹೇಳಿ ಮುಗಿಸುತ್ತೇನೆ. ಹಾಳೆ ಬೀಳುವುದು ಡಿಸೆಂಬರಿನಿಂದ ಮಳೆಯ ಎದುರಿನ ತನಕ. ಅಷ್ಟರಲ್ಲಿ ಹೆಕ್ಕಿ, ಒಣಗಿಸಿ, ಅಟ್ಟಿ ಹಾಕಿಕೊಳ್ಳಬೇಕು. ಒಂದು ಮಳೆ ತಿಂದ ಹಾಳೆ ದನಕ್ಕೂ ಬೇಡ. ನಾನು ಹಾಳೆಗೆ ಒಂದೂವರೆ ರೂಪಾಯಿ ಕೊಟ್ಟು ಆಚೀಚೆ ಮನೆಗಳಿಂದ ತೆಗೆದುಕೊಳ್ಳುತ್ತಿದ್ದೆ. ಹನ್ನೆರಡು ಇಂಚಿನ ತಟ್ಟೆ ನಾಲ್ಕೂವರೆಗೆ ಹೋಗುತ್ತಿತ್ತು.

ಜೂನಿನಲ್ಲಿ ಒಂದು ಗೃಹಪ್ರವೇಶಕ್ಕೆ 800 ತಟ್ಟೆಯ ಆರ್ಡರು. ಮಳೆ ಹಿಡಿದು ಮೂರು ದಿನ ಬಿಸಿಲೇ ಇಲ್ಲ. ತಟ್ಟೆ ಅಚ್ಚಿನಿಂದ ಬರುವಾಗ ಮೇಲೆ ಒಣಗಿದ ಹಾಗೆ ಕಾಣುತ್ತದೆ, ನಾರಿನೊಳಗೆ ನೀರಿನ ಪಸೆ ಇರುತ್ತದೆ. ಅದನ್ನು ಪುನಃ ಒಣಗಿಸದೆ ಕಟ್ಟಬಾರದು ಎಂದು ಮೆಷಿನಿನವನು ಹೇಳಿದ್ದ. ನನಗೂ ಗೊತ್ತಿತ್ತು. ಆದರೂ ಇಪ್ಪತ್ತೈದರ ಕಟ್ಟು ಮಾಡಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ (ಪ್ಲಾಸ್ಟಿಕ್ ಬಿಡಿಸಲಿಕ್ಕೆ ಹೊರಟವನು!) ನಾಲ್ಕು ದಿನ ಮೊದಲೇ ತಲುಪಿಸಿದೆ. ಹೇಳಿದ ದಿನಕ್ಕಿಂತ ಮೊದಲು ಕೊಟ್ಟೆ ಎಂದು ಹೆಮ್ಮೆ ಬೇರೆ.

ಗೃಹಪ್ರವೇಶದ ದಿನ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಫೋನು. ಆ ಮನೆಯ ಯಜಮಾನರು ಏರಿದ ಸ್ವರದಲ್ಲಿ ಮಾತಾಡುವವರಲ್ಲ. "ಒಮ್ಮೆ ಬರಬಹುದಾ?" ಎಂದರು. ಹೋದೆ. ಅಡಿಗೆಯವರು ಕಟ್ಟು ಬಿಚ್ಚಿ ಚಪ್ಪರದ ಮೂಲೆಯಲ್ಲಿ ಹರಡಿದ್ದರು. ಬಿಳಿ, ಹಸಿರು, ನಡುನಡುವೆ ಕಪ್ಪು ಚುಕ್ಕೆ. ಮೇಲಿನ ಎರಡು ಮೂರು ತಟ್ಟೆ ಸರಿಯಿದ್ದವು, ಒಳಗೆ ಹೋದ ಹಾಗೆ ಬೂಜು ದಪ್ಪ. ಒಬ್ಬಳು ಸಣ್ಣ ಹುಡುಗಿ ಅದರಲ್ಲೊಂದನ್ನು ಮೂಸಿ ಮುಖ ಹುಳಿ ಮಾಡಿದಳು. ಅಡಿಗೆ ಭಟ್ಟರು ನನ್ನನ್ನು ನೋಡದೆ ಯಾರಿಗೋ, "ಬಾಳೆಲೆಗೆ ಜನ ಕಳಿಸಿ, ಹನ್ನೆರಡಕ್ಕೆ ಪಂಕ್ತಿ ಕೂರಬೇಕು" ಎಂದರು. ನಾನೂ ಕತ್ತಿ ಹಿಡಿದು ಅವರ ತೋಟದಲ್ಲಿ ಮಳೆಗೆ ನೆನೆಯುತ್ತಾ ಬಾಳೆಲೆ ಕೊಯ್ದೆ. ಕೊಯ್ಯುವಾಗ ತಲೆಯಲ್ಲಿ ಬೇರೆ ಎಂತದೂ ಇರಲಿಲ್ಲ, ಎಲೆ ಹರಿಯಬಾರದು ಎಂಬುದು ಬಿಟ್ಟರೆ. 3,600 ರೂಪಾಯಿ ವಾಪಸು ಕೊಟ್ಟೆ. ಅವರು ತೆಗೆದುಕೊಂಡರು. ಊಟ ಮಾಡಿ ಹೋಗಿ ಎಂದರು, ಮಾಡಿದೆ. ಕೊನೆಯ ಪಂಕ್ತಿಯಲ್ಲಿ, ನಾನೇ ಕೊಯ್ದ ಎಲೆಯಲ್ಲಿ. ಅಂಥ ಊಟದಲ್ಲೂ ಸಾಂಬಾರಿಗೆ ಉಪ್ಪು ಕಡಿಮೆ ಎಂದು ನಾಲಗೆಗೆ ಗೊತ್ತಾಯಿತು, ಆಶ್ಚರ್ಯ.

ಅವರು ಮತ್ತೆ ನನಗೆ ಆರ್ಡರು ಕೊಡಲಿಲ್ಲ. ಇವತ್ತಿಗೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಅಡಿಕೆಗೆ ಎಲೆಚುಕ್ಕಿ ರೋಗ ಬಂತಾ ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ನಾನು ಕಟ್ಟಿಟ್ಟಿದ್ದ ಆ ವಾಕ್ಯವೂ ಕೊನೆಗೆ ಕಿವಿಗೆ ಬಿತ್ತು. ಕ್ಷೌರದ ಅಂಗಡಿಯಲ್ಲಿ, ನನ್ನ ತಲೆ ಬಗ್ಗಿಸಿ ಹಿಂದೆ ಬ್ಲೇಡು ಇಟ್ಟಿದ್ದಾಗ, ಬೆಂಚಿನಲ್ಲಿದ್ದ ಒಬ್ಬರು: "ಅವನಪ್ಪ ಆಗ ವೆನಿಲ್ಲಾ ಮಾಡಿ ಕೈ ಸುಟ್ಟುಕೊಂಡವನು, ಈಗ ಇವನು ಹಾಳೆ ಅಂತೆ." ನಾನು ಅಲ್ಲಿ ಕೂತದ್ದು ಅವರಿಗೆ ಗೊತ್ತಿರಲಿಲ್ಲ. ನನಗೆ ನಗು ಬಂತು. ನನ್ನ ವಾಕ್ಯ ಇದಕ್ಕಿಂತ ಚೆನ್ನಾಗಿತ್ತು; ಸಣ್ಣದು, ಪ್ರಾಸದ ಹಾಗೆ. ಇವರದ್ದು ಸುಮ್ಮನೆ ಹೊತ್ತು ಹೋಗದ ಮಾತು. ಮರುಕ್ಷಣ ಅವರು ರಾಷ್ಟ್ರೀಯ ಹೆದ್ದಾರಿಯ ಕೆಲಸದ ವಿಷಯಕ್ಕೆ ಹೋದರು. ಅವರ ಲೆಕ್ಕದಲ್ಲಿ ನಾನೂ ಅಪ್ಪನೂ ಸೇರಿ ಒಂದು ವಾಕ್ಯ. ಅಷ್ಟಕ್ಕೆ ನಾಲ್ಕು ತಿಂಗಳು ಟಾರ್ಪಾಲು!

ಈ ಸಲ ಅಮೆರಿಕ

ಈಗ ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲೇ ತಟ್ಟೆಯನ್ನೂ ಒಣಗಿಸುತ್ತೇನೆ. ಜೂನ್, ಜುಲೈಯಲ್ಲಿ ಹೊಸದಾಗಿ ಒತ್ತುವುದೇ ಇಲ್ಲ, ಬೇಸಿಗೆಯ ದಾಸ್ತಾನು ಮಾತ್ರ. ಹೆದರಿಕೆ ಹೋಗಿದೆಯಾ ಎಂದರೆ, ಅದು ಕೆಲಸ ಬದಲಿಸಿದೆ. ಮೊದಲು ಜನರ ಬಾಯಿ ಕಾಯುತ್ತಿತ್ತು, ಈಗ ಮೋಡ ಕಾಯುತ್ತದೆ. ಮೇ ತಿಂಗಳಲ್ಲಿ ಪಡುವಣ ಕಪ್ಪಾದರೆ ಎಲ್ಲರಿಗಿಂತ ಮೊದಲು ಅಂಗಳಕ್ಕೆ ಓಡುವವನು ನಾನೇ.

2025ರ ಮೇ 8ಕ್ಕೆ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಇಲಾಖೆ ಎಫ್‌ಡಿಎ, ಅಡಿಕೆ ಹಾಳೆಯಿಂದ ಮಾಡಿದ ತಟ್ಟೆ, ಬಟ್ಟಲುಗಳ ಮೇಲೆ ಇಂಪೋರ್ಟ್ ಅಲರ್ಟ್ ಹೊರಡಿಸಿತು, ಅಂದರೆ ಬಂದ ಮಾಲನ್ನು ಗಡಿಯಲ್ಲೇ ತಡೆಹಿಡಿಯಬಹುದು. ಅಡಿಕೆಯ ಆಲ್ಕಲಾಯ್ಡು ಎಂಬ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಎಂಬ ಕಾರಣ. ನಾನು ಒಂದು ತಟ್ಟೆಯನ್ನೂ ಹಡಗು ಹತ್ತಿಸಿದವನಲ್ಲ, ನನ್ನದೇನಿದ್ದರೂ ನಮ್ಮ ಸುತ್ತಿನ ಪೆರ್ಲ, ನೀರ್ಚಾಲು, ಮುಳ್ಳೇರಿಯದ ಮದುವೆ, ಪೂಜೆಯಂಥ ಜಂಬಾರಗಳು. ಆದರೆ ಹೊರಗೆ ಕಳಿಸುತ್ತಿದ್ದವರ ಮಾಲು ಊರಿನ ಮಾರ್ಕೆಟಿಗೇ ತಿರುಗಿತು. ಐದು ರೂಪಾಯಿಗೆ ಏರಿಸಿದ್ದ ನನ್ನ ತಟ್ಟೆಯ ಎದುರು ನಾಲ್ಕು ಇಪ್ಪತ್ತರ ತಟ್ಟೆ ಬಂತು, ನನ್ನದಕ್ಕಿಂತ ನಯವಾದದ್ದು. ಪೇಪರು ಓದಿ ಮಡಚಿ ಅಪ್ಪ ಹೇಳಿದರು, "ನನಗೆ ಮಡಗಾಸ್ಕರು, ನಿನಗೆ ಅಮೆರಿಕ." ನಾನು ಬಿಲ್ ಪುಸ್ತಕದ ಹಿಂಬದಿ ತೆಗೆದೆ. ಹೋದರೆ ಎಷ್ಟು ಹೋದೀತು ಎಂಬುದರ ಕೆಳಗೆ ಹೊಸ ಲೆಕ್ಕ ಬರೆದೆ. ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತು, ಸಾಗಾಟದ ಖರ್ಚು ಬಿಟ್ಟಿದ್ದೀ ಎಂದು ತೋರಿಸಿದರು. ಆ ಮಳೆಗಾಲದಲ್ಲಿ ದೊಡ್ಡ ತಟ್ಟೆ ಕಡಿಮೆ ಮಾಡಿ, ಪ್ರಸಾದಕ್ಕೆ ಆಗುವ ಸಣ್ಣ ಬಟ್ಟಲಿನ ಅಚ್ಚು ಹಾಕಿಸಿದೆ. ಎರಡು ದೇವಸ್ಥಾನಕ್ಕೆ ಹೋಗುತ್ತಾ ಉಂಟು. ಲಾಭ ಹೇಳುವಷ್ಟು ಇಲ್ಲ, ಕಂತು ತಪ್ಪಿಲ್ಲ.

ಒಂದು ವಿಷಯ ಬಿಟ್ಟುಹೋಯಿತು. ಆಗ ಮುನ್ನೂರು ಬಳ್ಳಿಯನ್ನೂ ಅಪ್ಪ ಕಡಿದು ಗೊಬ್ಬರದ ಗುಂಡಿಗೆ ಹಾಕಿದ್ದರೆಂದೇ ನಾವೆಲ್ಲ ತಿಳಿದಿದ್ದೆವು. ಬಾವಿಕಟ್ಟೆಯ ಹಿಂದಿನ ಹಲಸಿನ ಮರಕ್ಕೆ ಹಬ್ಬಿದ ಒಂದು ಉಳಿದಿತ್ತು. ಕಳೆದ ಫೆಬ್ರವರಿಯಲ್ಲಿ ಬೆಳ್ಳಂಬೆಳಿಗ್ಗೆ ಮೋಟಾರು ಹಾಕಲಿಕ್ಕೆ ಹೋದಾಗ ಅಪ್ಪ ಅಲ್ಲಿ ಸ್ಟೂಲು ಹತ್ತಿ ನಿಂತಿದ್ದರು, ಕೈಯಲ್ಲಿ ಹಿಡಿಸೂಡಿಯ ಕಡ್ಡಿ. ಅಮ್ಮ ಕೆಳಗೆ ನಿಂತು, "ಅಷ್ಟು ಒತ್ತಬೇಡಿ, ಮೆಲ್ಲ" ಎನ್ನುತ್ತಿದ್ದರು. ಈ ಸಲ ಹದಿನಾಲ್ಕು ಕೋಡು ಹಿಡಿದಿದೆ. ಮಾರಲಿಕ್ಕೆ ಅಲ್ಲ, ಸುಮ್ಮನೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಾರೆ. ಮೊನ್ನೆ ಮಾತ್ರ ನಾನೊಬ್ಬನೇ ಇದ್ದಾಗ, ಆ ಮೊಬೈಲಿನಲ್ಲಿ ರೇಟು ಈಗ ಎಷ್ಟುಂಟು ಒಮ್ಮೆ ನೋಡು ಎಂದರು.